ಮಾದರಿ ರೈಲು ಮತ್ತು ಅದರ ಸುತ್ತ ಸೇರುವವರು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನಾವು ಆರು ಮಂದಿ ಭಾನುವಾರ ಸಂಜೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಮಾದರಿ ರೈಲು ಓಡಿಸುತ್ತೇವೆ. ಒಬ್ಬರು ನಿವೃತ್ತ ಸ್ಟೇಷನ್ ಮಾಸ್ಟರ್, ಒಬ್ಬರು ಬ್ಯಾಂಕ್ ನೌಕರಿಯವರು, ಒಬ್ಬರು ಬಡಗಿ, ಒಬ್ಬರು ಶಾಲೆಯ ಮೇಡಂ, ಒಬ್ಬಳು ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ, ಜೊತೆಗೆ ನಾನು. ನೋಡಲು ಬಂದವರು, ನೆಂಟರು, ಪಕ್ಕದ ಮನೆಯ ಮಕ್ಕಳು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಅವಕ್ಕೆ ಗೊತ್ತಿರುವಷ್ಟು ಉತ್ತರವನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಇದು ಮಕ್ಕಳ ಆಟಿಕೆ ರೈಲಿಗಿಂತ ಹೇಗೆ ಬೇರೆ?

ಅಳತೆಯಲ್ಲಿ ಬೇರೆ. ಆಟಿಕೆಯಲ್ಲಿ ಬಾಗಿಲಿಗಿಂತ ಡ್ರೈವರ್ ಎತ್ತರವಾಗಿದ್ದರೂ ನಡೆಯುತ್ತದೆ. ಮಾದರಿಯಲ್ಲಿ ಇಂಜಿನ್ನು, ಬೋಗಿ, ಪ್ಲಾಟ್‌ಫಾರ್ಮ್, ಅದರ ಮೇಲೆ ಟ್ರಂಕ್ ಹಿಡಿದು ನಿಂತ ಮನುಷ್ಯ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿರಬೇಕು. ಎರಡರ ಬೇರು ಮಾತ್ರ ಒಂದೇ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್ಜಿಗ್ ಮೇಳದಲ್ಲಿ ಕೀಲಿ ಕೊಟ್ಟು ಓಡಿಸುವ ರೈಲನ್ನು ಇಂಗ್ಲಿಷಿನ 8ರ ಆಕಾರದ ಹಳಿಯ ಮೇಲೆ ಓಡಿಸಿ ತೋರಿಸಿತು. ಈ ಸಲ ಒಂದು ಬೋಗಿ, ಮುಂದಿನ ಸಲ ನಾಲ್ಕು ಹಳಿ ಎಂದು ಕೊಂಡು ಸೇರಿಸುತ್ತಾ ಹೋಗಬಹುದಾದ ಏರ್ಪಾಡು ಅದು. ಸಂಬಳ ಬಂದ ವಾರ ಒಂದು ಬೋಗಿ ತಂದು, ಅದನ್ನು ಹಳೆಯ ನಾಲ್ಕರ ಹಿಂದೆ ಕೊಂಡಿ ಹಾಕುವಾಗ ಆಗುವ ಖುಷಿ ಅಂದಿನವರಿಗೂ ಇಂದಿನ ನಮಗೂ ಒಂದೇ ಇರಬೇಕು.

ಯಾವ ಸ್ಕೇಲ್ ಆರಿಸಿಕೊಳ್ಳಲಿ?

ನಿಮ್ಮ ಮನೆಯನ್ನು ಕೇಳಿ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ; ಇದರಲ್ಲಿ ವಸ್ತು ನಿಜದ 87ರಲ್ಲಿ ಒಂದು ಪಾಲು. ಎನ್ ಸ್ಕೇಲ್‌ನಲ್ಲಿ 160ರಲ್ಲಿ ಒಂದು ಪಾಲು. ನಮ್ಮ ಹಳೆಯ ನೀಲಿ ಐಸಿಎಫ್ ಬೋಗಿ ಸುಮಾರು 21.3 ಮೀಟರ್ ಉದ್ದ; ಎಚ್‌ಒದಲ್ಲಿ ಅದು 24.5 ಸೆಂ.ಮೀ. ಆಗುತ್ತದೆ. ಈಗಿನ ಎಲ್‌ಎಚ್‌ಬಿ ಬೋಗಿ ಸುಮಾರು 23.5 ಮೀಟರ್, ಅಂದರೆ 27 ಸೆಂ.ಮೀ. 22 ಬೋಗಿಯ ಪೂರ್ತಿ ಎಕ್ಸ್‌ಪ್ರೆಸ್ ಬೇಕೆಂದರೆ ಇಂಜಿನ್ ಬಿಟ್ಟೇ ಆರು ಮೀಟರ್ ಹಳಿ ಬೇಕು. ಆದ್ದರಿಂದ ಎಲ್ಲರೂ ಐದು ಬೋಗಿಗೆ ಸಮಾಧಾನಪಟ್ಟುಕೊಳ್ಳುತ್ತೇವೆ. ಒಂದು ಜನರಲ್, ಮೂರು ಸ್ಲೀಪರ್, ಕೊನೆಗೊಂದು ಬ್ರೇಕ್ ವ್ಯಾನ್ ಇದ್ದರೆ ಕಣ್ಣು ಅದನ್ನು ಪೂರ್ತಿ ರೈಲೆಂದೇ ಒಪ್ಪಿಕೊಳ್ಳುತ್ತದೆ.

ಮನೆ ಚಿಕ್ಕದಿದ್ದರೆ ಎನ್ ಒಳ್ಳೆಯದು. ಕಣ್ಣು ಮಂಜಾಗುತ್ತಿರುವವರು, ಬೆರಳು ನಡುಗುವವರು ಎಚ್‌ಒ ಹಿಡಿಯಲಿ.

ನಮ್ಮ ಬ್ರಾಡ್‌ಗೇಜ್‌ಗೆ ಸರಿಯಾದ ಹಳಿ ಸಿಗುತ್ತದೆಯೇ?

ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ನಡುವಿನ ಅಂತರ 16.5 ಮಿ.ಮೀ. ಅದನ್ನು 87ರಿಂದ ಗುಣಿಸಿದರೆ ಯುರೋಪ್, ಅಮೆರಿಕದ 1435 ಮಿ.ಮೀ. ಗೇಜ್ ಬರುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; ಅದಕ್ಕೆ ಎಚ್‌ಒದಲ್ಲಿ 19.26 ಮಿ.ಮೀ. ಬೇಕು. ಹೀಗಾಗಿ ನಮ್ಮ ಇಂಜಿನ್ನುಗಳು ಎದುರಿನಿಂದ ನೋಡಿದರೆ ಕಾಲು ತುಸು ಕೂಡಿಸಿ ನಿಂತಂತೆ ಕಾಣುತ್ತವೆ. ಪಕ್ಕದಿಂದ ನೋಡಿದರೆ ಯಾರಿಗೂ ತಿಳಿಯುವುದಿಲ್ಲ. ಹೆಚ್ಚಿನವರು ಹಾಗೆಯೇ ಓಡಿಸುತ್ತಾರೆ, ನಾನೂ ಹಾಗೆಯೇ. ಹಠ ಹಿಡಿದು ಹಳಿಯ ಕೆಳಗಿನ ಅಡ್ಡಪಟ್ಟಿಗಳನ್ನು ತಾವೇ ಕತ್ತರಿಸಿ, ಹಳಿಯನ್ನು ಬೆಸೆದು ಸರಿಯಾದ ಅಗಲ ತರುವವರೂ ಇದ್ದಾರೆ. ಅವರ ತಾಳ್ಮೆಯನ್ನು ಕಂಡರೆ ನನಗೆ ಗೌರವ.

ಚಿಕ್ಕ ಗೇಜ್‌ಗಳ ವಿಷಯದಲ್ಲಿ ಅದೃಷ್ಟ ನಮ್ಮ ಕಡೆ ಇದೆ. ಮೀಟರ್‌ಗೇಜ್ ಎಚ್‌ಒದಲ್ಲಿ 11.5 ಮಿ.ಮೀ. ಆಗುತ್ತದೆ, 12 ಮಿ.ಮೀ. ಹಳಿ ತಯಾರಾಗಿಯೇ ಸಿಗುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಓಡುತ್ತಿದ್ದ ನ್ಯಾರೋಗೇಜ್ 762 ಮಿ.ಮೀ.; ಅದಕ್ಕೆ ಎಚ್‌ಒದಲ್ಲಿ ಬೇಕಾದದ್ದು 8.76. ಎನ್ ಸ್ಕೇಲ್‌ನ ಹಳಿ 9 ಮಿ.ಮೀ. ಇರುವುದರಿಂದ ಅದನ್ನೇ ಹಾಸಿ, ಪಕ್ಕದಲ್ಲಿ ಎಚ್‌ಒ ಅಳತೆಯ ನಂದಿ ಹಾಲ್ಟ್ ನಿಲ್ದಾಣ ಕಟ್ಟಿದರೆ ಆಯಿತು. ನಮ್ಮ ಬಡಗಿ ಅದನ್ನೇ ಮಾಡಿದ್ದಾರೆ. ಹಂಚಿನ ಚಾವಣಿಗೆ ಸಿಗರೇಟು ಪ್ಯಾಕಿನ ರಟ್ಟನ್ನು ಒಂದೊಂದೇ ಹಂಚಿನಷ್ಟು ಕತ್ತರಿಸಿ, ಸಾಲುಸಾಲಾಗಿ ಅಂಟಿಸಿದ್ದಾರೆ. ಎರಡು ಹಂಚು ಬೇಕೆಂದೇ ಸರಿದಿವೆ. ಅಲ್ಲಿ ಮಳೆ ಸೋರುತ್ತಿತ್ತಂತೆ.

ಬಹಳ ಖರ್ಚಿನ ಹವ್ಯಾಸವೇ?

ಇಂಜಿನ್ನಿಗೆ ಖರ್ಚಾಗುತ್ತದೆ, ಅದರಲ್ಲಿ ಮುಚ್ಚುಮರೆ ಇಲ್ಲ. ಉಳಿದದ್ದು ಮನೆಯಲ್ಲೇ ಇದೆ. ಗರಗಸದ ಪುಡಿಗೆ ಹಸಿರು ಬಣ್ಣ ಬೆರೆಸಿದರೆ ಹುಲ್ಲು. ತೊಳೆದು ಒಣಗಿಸಿದ ಚಹಾದ ಚರಟ ಮಲೆನಾಡಿನ ಕೆಂಪು ಮಣ್ಣಾಗುತ್ತದೆ. ಹಳೆಯ ವೈರಿನ ತಾಮ್ರದ ಎಳೆಗಳನ್ನು ಹುರಿಮಾಡಿ ಕೊಂಬೆ ಬಿಡಿಸಿದರೆ ಮರದ ಎಲುಬು ಸಿದ್ಧ. ಮೊದಲ ವರ್ಷ ಒಂದು ಇಂಜಿನ್, ಎರಡು ಬೋಗಿ, ಒಂದು ಸುತ್ತು ಹಳಿ, ವೇಗ ಹೆಚ್ಚುಕಡಿಮೆ ಮಾಡುವ ಒಂದು ಕಂಟ್ರೋಲರ್ ಸಾಕು.

ದಿನಾ ಅದೇ ಹಳಿ, ಅದೇ ರೈಲು. ಬೇಸರ ಬರುವುದಿಲ್ಲವೇ?

ಈ ಪ್ರಶ್ನೆಯನ್ನು ನನಗೆ ಅತಿ ಹೆಚ್ಚು ಕೇಳಿದ್ದಾರೆ.

ನನ್ನ ಬೆಳಗು ಹೀಗೆ. ಫಿಲ್ಟರಿಗೆ ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯುವವರೆಗೆ ರೈಲನ್ನು ಎರಡು ಸುತ್ತು ಬಿಡುತ್ತೇನೆ. ಮೊದಲ ಸುತ್ತಿನಲ್ಲಿ ಇಂಜಿನ್ ಇನ್ನೂ ಬಿಗಿಯಾಗಿರುತ್ತದೆ, ಎರಡನೆಯದರಲ್ಲಿ ಸದ್ದು ಮೆದುವಾಗುತ್ತದೆ. ಕಿಟಕಿಯ ಬಿಸಿಲು ಬೋಗಿಗಳ ಗಾಜನ್ನು ಒಂದೊಂದಾಗಿ ದಾಟುತ್ತದೆ. ಅಷ್ಟು ಹೊತ್ತಿಗೆ ಕಾಫಿ ಆಗುತ್ತದೆ.

ಇನ್ನೊಂದು ಸಂಗತಿ ಸದ್ದಿನದು. ನಿಜದ ರೈಲು ಹಳಿಗಳನ್ನು ಈಗ ಉದ್ದಕ್ಕೆ ಬೆಸೆದುಬಿಟ್ಟಿದ್ದಾರೆ. ಪ್ರಯಾಣ ಹಿತವಾಗಿದೆ, ಆದರೆ ನಾವು ಚಿಕ್ಕಂದಿನಲ್ಲಿ ಕೇಳುತ್ತಾ ನಿದ್ದೆಹೋಗುತ್ತಿದ್ದ ಟಕಟಕ್, ಟಕಟಕ್ ಬಹುಪಾಲು ಕಡೆ ನಿಂತುಹೋಗಿದೆ. ಆಗ 13 ಮೀಟರಿಗೊಂದು ಜಾಯಿಂಟು ಇರುತ್ತಿತ್ತು. ಎಚ್‌ಒದಲ್ಲಿ ಅದು 15 ಸೆಂ.ಮೀ. ನಮ್ಮ ಎಂಜಿನಿಯರಿಂಗ್ ಹುಡುಗಿ ಒಂದು ಭಾನುವಾರ ಸಣ್ಣ ಗರಗಸ ತಂದು, ಅಳತೆಪಟ್ಟಿ ಇಟ್ಟು, 15 ಸೆಂ.ಮೀ.ಗೊಂದರಂತೆ ಹಳಿಯ ತಲೆಯ ಮೇಲೆ ಕೂದಲೆಳೆಯಷ್ಟು ಗೀರು ಹಾಕಿದಳು. ಗೀರಿನ ಅಂಚನ್ನು ಅರದಿಂದ ನಯಮಾಡಿದಳು. ನಾವೆಲ್ಲ ಫ್ಯಾನು ಆರಿಸಿ ಕುಳಿತೆವು. ರೈಲು ಹೊರಟು, ತಿರುವು ದಾಟಿ ಆ ತುಂಡಿನ ಮೇಲೆ ಬಂದಾಗ ಸಣ್ಣ ದನಿಯಲ್ಲಿ ಅದೇ ಟಕಟಕ್ ಕೇಳಿಸಿತು. ಸ್ಟೇಷನ್ ಮಾಸ್ಟರ್ ಕಣ್ಣು ಮುಚ್ಚಿಕೊಂಡಿದ್ದರು. ಸ್ವಲ್ಪ ಹೊತ್ತಿನ ಮೇಲೆ "ಇನ್ನೊಂದು ಸುತ್ತು ಬಿಡಮ್ಮಾ" ಎಂದರು. ಅಂದು ಬೇರೆ ಕೆಲಸ ಏನೂ ಆಗಲಿಲ್ಲ. ಆ ತುಂಡು ಹಳಿಯ ಮುಂದೆ ಈಗಲೂ ಒಂದು ಕುರ್ಚಿ ಹಾಕಿಯೇ ಇರುತ್ತೇವೆ.

ಪ್ಲಾಟ್‌ಫಾರ್ಮ್ ಮೇಲಿನ ಆ ತಟ್ಟೆಯಲ್ಲಿ ಇರುವುದೇನು?

ಮದ್ದೂರು ವಡೆ. ಮದ್ದೂರು ನಿಲ್ದಾಣ ಕಟ್ಟಿ ವಡೆ ಇಡದಿದ್ದರೆ ನೋಡಿದವರು ಒಪ್ಪುವುದಿಲ್ಲ. ಒಂದು ಅಂಗೈಯಗಲದ ವಡೆ 9 ಸೆಂ.ಮೀ. ಎಂದಿಟ್ಟುಕೊಂಡರೆ ಎಚ್‌ಒದಲ್ಲಿ ಒಂದು ಮಿ.ಮೀ. ಚಿಲ್ಲರೆ. ಏನು ಮಾಡುವುದೆಂದು ಎರಡು ವಾರ ತಲೆ ಕೆಡಿಸಿಕೊಂಡೆವು. ಪೇಪರ್ ಪಂಚ್ ಮಾಡಿದ ಚೂರು ದೊಡ್ಡದಾಯಿತು, ಸಾಸಿವೆ ಉಂಡೆಯಂತೆ ಕಂಡಿತು. ಕೊನೆಗೆ ಶಾಲೆಯ ಮೇಡಂ ಡಬ್ಬಿಯಿಂದ ಒಂದು ಚಿಟಿಕೆ ರಾಗಿ ತಂದರು. ಬಣ್ಣ ಅದೇ, ಗಾತ್ರ ಅದೇ. ಕಾಳನ್ನು ಉಪ್ಪು ಕಾಗದದ ಮೇಲಿಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಎರಡೂ ಬದಿ ಚಪ್ಪಟೆಯಾಗುತ್ತದೆ. ಚಾಕೊಲೇಟಿನ ಬೇಗಡೆಯಲ್ಲಿ ಆರು ಮಿ.ಮೀ. ಅಗಲದ ತಟ್ಟೆ ಮಾಡಿ, ಸೂಜಿಯ ಮೊನೆಯಲ್ಲಿ ಗೋಂದು ಸವರಿ ಹನ್ನೊಂದು ವಡೆ ಜೋಡಿಸಿದೆವು. ಹುಳು ಹಿಡಿಯದಂತೆ ಮೇಲೆ ಒಂದು ಕೈ ವಾರ್ನಿಷ್ ಬೇಕು, ಇದನ್ನು ಮರೆಯಬೇಡಿ.

ಬಂದವರು ಲಕ್ಷಣವಾದ ಇಂಜಿನ್ನುಗಳನ್ನು ದಾಟಿಕೊಂಡು ಬಂದು ಈ ತಟ್ಟೆಯ ಮೇಲೆ ಬಾಗುತ್ತಾರೆ. ಭೂತಗನ್ನಡಿ ಪಕ್ಕದಲ್ಲೇ ಇಟ್ಟಿದ್ದೇವೆ. "ಇದು ರಾಗಿ ಅಲ್ಲವೇ?" ಎಂದು ಮೊದಲು ಕಂಡುಹಿಡಿಯುವವರು ಯಾವಾಗಲೂ ಅಜ್ಜಿಯರೇ.

ದಸರಾ ಗೊಂಬೆ ಹಬ್ಬದಲ್ಲಿ ರೈಲು ಇಡುತ್ತೀರಂತೆ, ನಿಜವೇ?

ನಿಜ. ವರ್ಷದಲ್ಲಿ ನಾವು ಕಾಯುವುದು ಆ ಹತ್ತು ದಿನಗಳಿಗೆ. ಮೇಡಂ ಅವರ ಮನೆಯಲ್ಲಿ ಮೂರು ತಲೆಮಾರಿನ ಗೊಂಬೆಗಳಿವೆ. ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆಗಳು, ಶೆಟ್ಟರ ಅಂಗಡಿ, ಕೆಳಗೆ ರಾಗಿ ಪೈರು ಬೆಳೆಸಿದ ಉದ್ಯಾನ. ಅದರ ಸುತ್ತ ಹಳಿ ಹಾಸಿ, ರೈಲು ಮೆಟ್ಟಿಲಿನ ಹಿಂದಿನಿಂದ ಹೊರಬಂದು ಉದ್ಯಾನ ದಾಟಿ ಮತ್ತೆ ಹಿಂದಕ್ಕೆ ಮರೆಯಾಗುವಂತೆ ಮಾಡುತ್ತೇವೆ. ರೈಲು ಮರೆಯಾದಾಗ ಮಕ್ಕಳು ಉಸಿರು ಹಿಡಿದು ಕಾಯುತ್ತಾರೆ.

ಗೊಂಬೆ ನೋಡಲು ಬಂದ ಮಕ್ಕಳಿಗೆ ಬೊಂಬೆ ಬಾಗಿನ ಕೊಡುವುದು ನಮ್ಮ ಕಡೆಯ ರೂಢಿ. ಒಂದು ವರ್ಷ ತೆರೆದ ಗೂಡ್ಸ್ ವ್ಯಾಗನ್ನಿನಲ್ಲಿ ಕಲ್ಲುಸಕ್ಕರೆ ತುಂಬಿ ಕಳಿಸಿದೆವು. ಒಂದು ವ್ಯಾಗನ್ನಿಗೆ ನಾಲ್ಕು ಹರಳು. ರೈಲು ಮಗುವಿನ ಮುಂದೆ ಬಂದು ನಿಲ್ಲುತ್ತದೆ, ಮಗು ತನ್ನ ಹರಳು ತೆಗೆದುಕೊಂಡ ಮೇಲೆ ಮುಂದಿನ ಮಗುವಿನತ್ತ ಹೊರಡುತ್ತದೆ. ಒಬ್ಬ ಹುಡುಗ ತನ್ನ ಪಾಲಿನದನ್ನು ತೆಗೆಯದೆ, ಹಿಂದೆ ನಿಂತಿದ್ದ ತಂಗಿಯನ್ನು ಮುಂದಕ್ಕೆ ಕರೆದು ಅವಳ ಕೈಯಿಂದ ತೆಗೆಸಿದ. ಕಂಟ್ರೋಲರ್ ನನ್ನ ಕೈಯಲ್ಲಿತ್ತು. ರೈಲು ಹೊರಡಿಸುವುದನ್ನೇ ಮರೆತು ನೋಡುತ್ತಾ ಕುಳಿತೆ.

ಸಕ್ಕರೆ ಹಳಿಗೆ ಅಂಟುತ್ತದೆ. ರಾತ್ರಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಮಲಗಬೇಕು, ಇಲ್ಲದಿದ್ದರೆ ಬೆಳಗ್ಗೆ ಇರುವೆಗಳ ಸಾಲು.

ನನ್ನ ರೈಲು ತಡೆತಡೆದು ಓಡುತ್ತದೆ. ಇಂಜಿನ್ ಕೆಟ್ಟಿದೆಯೇ?

ಹತ್ತರಲ್ಲಿ ಒಂಬತ್ತು ಸಲ ಇಂಜಿನ್ನಿನ ತಪ್ಪಿರುವುದಿಲ್ಲ. ಸಾಮಾನ್ಯ ಸೆಟ್‌ಗಳಲ್ಲಿ 12 ವೋಲ್ಟ್‌ವರೆಗಿನ ಡಿಸಿ ವಿದ್ಯುತ್ ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟರಿಗೆ ಹೋಗುತ್ತದೆ. ಹಳಿಯ ಮೇಲೆ ದೂಳು, ಎಣ್ಣೆ, ಕಪ್ಪು ಪದರ ಕೂತರೆ ದಾರಿ ಕಟ್ಟುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ; ಆಗ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಉಪ್ಪು ಕಾಗದ ಮುಟ್ಟಿಸಬೇಡಿ, ಅದರ ಗೀರುಗಳಲ್ಲಿ ಕೊಳೆ ಮತ್ತೆ ಬೇಗ ಕೂರುತ್ತದೆ. ಚಕ್ರಗಳನ್ನೂ ಒರೆಸಿ. ಉದ್ದದ ಹಳಿಯಾದರೆ ಎರಡು ಮೂರು ಕಡೆ ಕೆಳಗಿನಿಂದ ವೈರು ಕೊಡಿ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ಈ ಕೆಲಸ ವಾರಕ್ಕೆರಡು ಸಲ ಬೀಳುತ್ತದೆ.

ನಾವು ಈ ಕೆಲಸವನ್ನು ಒಟ್ಟಿಗೆ ಮಾಡುತ್ತೇವೆ. ಒಬ್ಬರು ಒರೆಸುತ್ತಾ ಹೋದರೆ ಹಿಂದೆ ಇನ್ನೊಬ್ಬರು ಒಣ ಬಟ್ಟೆ. ಬಟ್ಟೆ ಕಪ್ಪಾದಷ್ಟೂ ತೃಪ್ತಿ. ಆಮೇಲೆ ಇಂಜಿನ್ ಒಂದು ಬಾರಿಯೂ ಮಿನುಗದೆ, ಮುಗ್ಗರಿಸದೆ, ಬಸವನಹುಳುವಿನ ವೇಗದಲ್ಲಿ ಪಾಯಿಂಟ್, ಅಂದರೆ ಹಳಿ ಕವಲೊಡೆಯುವ ಜಾಗ, ದಾಟಿದಾಗ ಎಲ್ಲರೂ ಒಟ್ಟಿಗೆ "ಹಾ!" ಎನ್ನುತ್ತೇವೆ.

ಆ ಗೋಲಿ ಏಕೆ ಕೈಯಿಂದ ಕೈಗೆ ಹೋಗುತ್ತದೆ?

ಇದು ಸ್ಟೇಷನ್ ಮಾಸ್ಟರ್ ಕಲಿಸಿದ್ದು. ಒಂಟಿ ಹಳಿಯ ದಾರಿಯಲ್ಲಿ ಎರಡು ರೈಲು ಎದುರುಬದುರಾಗದಂತೆ ನಮ್ಮ ರೈಲ್ವೆಯಲ್ಲಿ ನೀಲ್ಸ್ ಬಾಲ್ ಟೋಕನ್ ಎಂಬ ಯಂತ್ರ ಬಳಸುತ್ತಿದ್ದರು. ಪಕ್ಕದ ನಿಲ್ದಾಣದವರು ಒಪ್ಪಿದರೆ ಮಾತ್ರ ಅದರಿಂದ ಒಂದು ಲೋಹದ ಚೆಂಡು ಹೊರಬರುತ್ತಿತ್ತು. ಅದನ್ನು ಚೀಲದಲ್ಲಿಟ್ಟು, ದೊಡ್ಡ ಬಳೆಗೆ ಕಟ್ಟಿ ಡ್ರೈವರಿಗೆ ಕೊಡುತ್ತಿದ್ದರು. ಚೆಂಡು ಕೈಯಲ್ಲಿದ್ದವರಿಗೆ ದಾರಿ. ನಮ್ಮಲ್ಲಿ ಆ ಚೆಂಡಿನ ಜಾಗದಲ್ಲಿ ಒಂದು ನೀಲಿ ಗಾಜಿನ ಗೋಲಿ ಇದೆ.

ನಮ್ಮ ಮಾದರಿ ಕೂರಿಸಿದ ಎರಡು ಹಲಗೆಗಳ ನಡುವೆ ಒಂದೇ ಹಳಿ. ಆ ಕಡೆ ಬ್ಯಾಂಕಿನವರು, ಈ ಕಡೆ ನಾನು. "ಲೈನ್ ಕ್ಲಿಯರ್ ಕೊಡುತ್ತೀರಾ?" ಎಂದು ಕೇಳಬೇಕು, ಅವರು "ಕೊಟ್ಟೆ" ಎಂದು ಗೋಲಿ ಚಾಚಬೇಕು. ಗೋಲಿ ಅಂಗೈಗೆ ಬಂದ ಮೇಲೆಯೇ ರೈಲು ಕದಲಬಹುದು. ಬ್ಯಾಂಕಿನವರ ಅಂಗೈಯ ಬಿಸಿ ಇನ್ನೂ ಗೋಲಿಯಲ್ಲಿರುತ್ತದೆ. ಮಾಸ್ಟರ್ ನೋಟ್‌ಬುಕ್ಕಿನಲ್ಲಿ ಸಮಯ ಬರೆಯುತ್ತಾರೆ. ಮೊಮ್ಮಗಳ ಹಳೆಯ ನೋಟ್‌ಬುಕ್, ಕೆಂಪು ಶಾಯಿಯ ಗೆರೆಗಳು, ಒಂದು ಅಕ್ಷರ ಓರೆಯಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಮಾಡಿದ ಕೆಲಸ ಅದು. ಈಗ ಪೆನ್ನು ಎತ್ತಿದೊಡನೆ ಬೆನ್ನು ನೆಟ್ಟಗಾಗುತ್ತದೆ.

ಘಾಟ್ ದಾರಿ ಮಾಡಬೇಕೆಂಬ ಆಸೆ. ಸಾಧ್ಯವೇ?

ಸಾಧ್ಯ, ಉದ್ದ ಜಾಗ ಬೇಕು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಘಾಟ್‌ನಲ್ಲಿ 57 ಸುರಂಗಗಳಿವೆ, ಏರು 50ಕ್ಕೆ ಒಂದು. ಅಂದರೆ ಒಂದು ಮೀಟರ್ ಹಳಿಗೆ ಎರಡು ಸೆಂ.ಮೀ. ಏರು. ಒಂದು ಹಳಿಯ ಮೇಲೆ ಇನ್ನೊಂದು ಹಳಿ ದಾಟಲು ಎಚ್‌ಒದಲ್ಲಿ ಸುಮಾರು 8 ಸೆಂ.ಮೀ. ಎತ್ತರ ಬೇಕು, ಅಷ್ಟು ಏರಲು ನಾಲ್ಕು ಮೀಟರ್. 57 ಸುರಂಗದ ಆಸೆ ಬಿಟ್ಟು ಎರಡನ್ನು ಚೆನ್ನಾಗಿ ಮಾಡಿ. ಥರ್ಮೊಕೋಲ್ ಗುಡ್ಡದ ಮೇಲೆ ಪತ್ರಿಕೆಯ ಚೂರು, ಅದರ ಮೇಲೆ ಪ್ಲಾಸ್ಟರ್, ಸುರಂಗದ ಬಾಯಿಯ ಹತ್ತಿರ ನೀರು ಒಸರಿದ ಕಪ್ಪು ಗೆರೆ, ಅದರಂಚಿಗೆ ಪಾಚಿ.

ಆ ಘಾಟ್‌ನಲ್ಲಿ ರೈಲಿನ ಹಿಂದೆಯೂ ಇಂಜಿನ್ ಕೊಟ್ಟು ತಳ್ಳುತ್ತಾರೆ. ಮಾದರಿಯಲ್ಲಿ ಅದನ್ನು ಮಾಡಬೇಕಾದರೆ ಡಿಸಿಸಿ ಎಂಬ ಡಿಜಿಟಲ್ ನಿಯಂತ್ರಣ ವ್ಯವಸ್ಥೆ ಹಾಕಿ. ಅದರಲ್ಲಿ ಪ್ರತಿ ಇಂಜಿನ್ನಿಗೂ ತನ್ನದೇ ನಂಬರು ಇರುವುದರಿಂದ ಒಂದೇ ಹಳಿಯ ಮೇಲೆ ಎರಡನ್ನು ಬೇರೆಬೇರೆಯಾಗಿ ನಡೆಸಬಹುದು. ಮುಂದಿನದು ಒಬ್ಬರ ಕೈಯಲ್ಲಿ, ಹಿಂದಿನದು ಇನ್ನೊಬ್ಬರ ಕೈಯಲ್ಲಿ. ಹಿಂದಿನವರು ಹೆಚ್ಚು ತಳ್ಳಿದರೆ ತಿರುವಿನಲ್ಲಿ ನಡುವಿನ ಬೋಗಿ ಹಳಿ ತಪ್ಪುತ್ತದೆ, ಕಡಿಮೆಯಾದರೆ ಮುಂದಿನ ಇಂಜಿನ್ನಿನ ಚಕ್ರ ಜಾರುತ್ತದೆ. ನಾನೂ ಬಡಗಿಯೂ ಮೊದಲು ಮಾತಾಡಿಕೊಂಡು ಓಡಿಸುತ್ತಿದ್ದೆವು. ಈಗ ಒಬ್ಬರ ಹೆಬ್ಬೆರಳನ್ನು ಇನ್ನೊಬ್ಬರು ನೋಡಿದರೆ ಸಾಕು.

ಓಟ ನಿಧಾನವಿರಲಿ. ಗಂಟೆಗೆ 30 ಕಿ.ಮೀ. ಎಂದರೆ ಎಚ್‌ಒದಲ್ಲಿ ಸೆಕೆಂಡಿಗೆ ಹತ್ತು ಸೆಂ.ಮೀ.ಗೂ ಕಡಿಮೆ.

ಒಬ್ಬನೇ ಇದ್ದೇನೆ, ಊರಲ್ಲಿ ಬೇರೆ ಯಾರೂ ಇಲ್ಲ. ಏನು ಮಾಡಲಿ?

ಒಂದು ಚಿಕ್ಕ ಹಲಗೆಯಿಂದ ಶುರುಮಾಡಿ, ಆದರೆ ಬೇರೆಯವರದಕ್ಕೆ ಸೇರುವಂತೆ ಮಾಡಿ. ಎನ್ ಸ್ಕೇಲ್‌ನಲ್ಲಿ ಟಿ-ಟ್ರ್ಯಾಕ್ ಎಂಬ ಪದ್ಧತಿ ಇದೆ. ಚಿಕ್ಕ ಹಲಗೆ 308 ಮಿ.ಮೀ. ಉದ್ದ, ಬ್ಯಾಗಿನಲ್ಲಿ ಹಿಡಿಯುತ್ತದೆ. ಬೇರೆ ಊರಿನವರು ಅದೇ ಅಳತೆಯಲ್ಲಿ ಮಾಡಿದ್ದರೆ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಒತ್ತಿದರೆ ಹಳಿ ಕೂಡಿಕೊಳ್ಳುತ್ತದೆ. ನೀವು ಮಾಡಿದ ತೆಂಗಿನ ತೋಟದಿಂದ ಹೊರಟ ರೈಲು ಇನ್ನೊಬ್ಬರು ಮಾಡಿದ ಸಂತೆಯೊಳಗೆ ಹೋಗುತ್ತದೆ.

ಮತ್ತೆ, ಮನೆಯವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ನಾನು ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ ದಾರಿಯ ರೈಲ್‌ಬಸ್ ಮಾಡುತ್ತಿದ್ದಾಗ ನಮ್ಮ ಅತ್ತೆ ಬಂದು ನೋಡಿದರು. ಅವರ ತವರು ಆ ಕಡೆಯದು. ಈ ಹವ್ಯಾಸದ ಬಗ್ಗೆ ಅದುವರೆಗೆ ಒಂದು ಮಾತನ್ನೂ ಆಡಿದವರಲ್ಲ. "ಹಾಲಿನ ಕ್ಯಾನು ಎಲ್ಲಿ? ಬಾಗಿಲ ಹತ್ತಿರ ಇಡುತ್ತಿದ್ದರು" ಎಂದರು. ಆ ರಾತ್ರಿಯೇ ಬಾಲ್‌ಪೆನ್ ರೀಫಿಲ್ ಕತ್ತರಿಸಿ ಎರಡು ಕ್ಯಾನು ಮಾಡಿದೆ. ಬೆಳ್ಳಿ ಬಣ್ಣ ಬಳಿದದ್ದು ಅವರೇ.

ಮಕ್ಕಳು ಮುಟ್ಟಿ ಮುರಿದುಬಿಟ್ಟರೆ?

ಮುರಿದದ್ದು ಅಂಟುತ್ತದೆ. ಮುಟ್ಟಬೇಡ ಎಂದು ಗದರುವ ಬದಲು ಕಂಟ್ರೋಲರ್ ಕೈಗೆ ಕೊಡಿ, ಪ್ಲಾಟ್‌ಫಾರ್ಮಿನ ತುದಿಯ ಬೋರ್ಡಿನ ಮುಂದೆ ನಿಲ್ಲಿಸು ಎಂದು ಒಂದು ಕೆಲಸ ಹೇಳಿ. ಮೂರನೆಯ ಪ್ರಯತ್ನದಲ್ಲಿ ಸರಿಯಾಗಿ ನಿಲ್ಲಿಸುತ್ತಾರೆ. ನಾಲ್ಕು ವರ್ಷದೊಳಗಿನವರ ಕೈಗೆ ಚಿಕ್ಕ ಬಿಡಿಭಾಗಗಳು ಸಿಗದಿರಲಿ, ಬಾಯಿಗೆ ಹೋಗುತ್ತವೆ.

ದೊಡ್ಡ ಮಾದರಿಗಳನ್ನು ಎಲ್ಲಿ ನೋಡಬಹುದು?

ಪುಣೆಯ ಕೊತ್ರೂಡ್‌ನಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ 1998ರಿಂದ ಇದೆ, ಹೋಗಲೇಬೇಕಾದ ಜಾಗ. ದೂರದ ಪ್ರಯಾಣ ಕೂಡಿಬಂದರೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ತೆರೆದ ಮಿನಿಯಾಟುರ್ ವುಂಡರ್‌ಲ್ಯಾಂಡ್. ನಿಜದ ಇಂಜಿನ್ನಿನ ಪಕ್ಕದಲ್ಲಿ ನಿಂತು ಅಳತೆ ತೆಗೆಯಬೇಕೆಂದರೆ ನಮ್ಮ ಮೈಸೂರಿನ ರೈಲು ಮ್ಯೂಸಿಯಂ, 1979ರದು. ಟೇಪು, ನೋಟ್‌ಬುಕ್, ಬುತ್ತಿ ಕಟ್ಟಿಕೊಂಡು ಹೋಗಿ. ಒಬ್ಬರು ಟೇಪು ಹಿಡಿಯಲು, ಒಬ್ಬರು ಬರೆಯಲು, ಜೋಡಿ ಇದ್ದರೆ ಅನುಕೂಲ.

ಓಡಿಸುವಾಗ ಕರೆಂಟ್ ಹೋದರೆ?

ರೈಲು ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಮೇಣದಬತ್ತಿ ಹಚ್ಚಬೇಡಿ, ಥರ್ಮೊಕೋಲ್ ಬೇಗ ಬೆಂಕಿ ಹಿಡಿಯುತ್ತದೆ. ಮೊಬೈಲಿನ ಟಾರ್ಚನ್ನು ಹಳಿಯ ಮಟ್ಟಕ್ಕೆ ಇಳಿಸಿ ಸುರಂಗದೊಳಗೆ ಬಿಡಿ. ನಿಂತ ಬೋಗಿಯ ಕಿಟಕಿಗಳ ನೆರಳು ಎದುರು ಗೋಡೆಯ ಮೇಲೆ ಆಳೆತ್ತರ ಬೀಳುತ್ತದೆ. ನಮ್ಮಲ್ಲಿ ಆಗ ಯಾರಾದರೂ ಚುರುಮುರಿ ಕಲಸುತ್ತಾರೆ. ಒಂದೇ ಎಚ್ಚರಿಕೆ: ಕಂಟ್ರೋಲರಿನ ಗುಂಡಿಯನ್ನು ಕೂಡಲೇ ಸೊನ್ನೆಗೆ ತಿರುಗಿಸಿ. ಇಲ್ಲದಿದ್ದರೆ ಕರೆಂಟ್ ಬಂದ ಗಳಿಗೆಯಲ್ಲಿ ರೈಲು ಒಮ್ಮೆಗೇ ನುಗ್ಗಿ ತಿರುವಿನಲ್ಲಿ ಬೀಳುತ್ತದೆ. ಕತ್ತಲಾದೊಡನೆ ಆರೂ ಜನ ಒಂದೇ ಸಲ "ಸೊನ್ನೆ!" ಎಂದು ಕೂಗುತ್ತೇವೆ, ಈಗ ಪಕ್ಕದ ಮನೆಯ ಮಕ್ಕಳೂ ಅವರ ಮನೆಯಿಂದಲೇ ಕೂಗುತ್ತಾರೆ.